ರಿಂಗ್ ಕೂರುವವರೆಗೆ

ಮಾರ್ಚ್ 3, ಬೆಳಿಗ್ಗೆ

ಆಯಿಲ್ ಅಳೆಯುವ ಕಡ್ಡಿ ಎಳೆದೆ, ಒರೆಸಿದೆ, ಮತ್ತೆ ಅದ್ದಿದೆ. ಬೋಳು. ಎಂಜಿನ್‌ಗೆ ಇನ್ನೂ ಆಯಿಲ್ಲೇ ಹಾಕಿಲ್ಲ, ಬೋಳಿರದೆ ಇನ್ನೇನು! ಆದರೂ ಎದ್ದ ಕೂಡಲೇ ಷೆಡ್ಡಿಗೆ ಬಂದು ಇದೇ ಕೆಲಸ. ಗಂಡ ಎಂಬ ಪ್ರಾಣಿ ಬಾಗಿಲಲ್ಲಿ ಕಾಫಿ ಹಿಡಿದು ನಿಂತು, ಮದುವೆಯಾದಾಗಲೂ ನೀನು ನನ್ನನ್ನು ಇಷ್ಟು ಸಲ ನೋಡಿರಲಿಲ್ಲ ಎಂದರು. ಸುಳ್ಳಲ್ಲ.

ಮಾವನ ಹಳೇ ಕಾರು. ಹೊಗೆ ಕಾರಿ ಕಾರಿ ಸುಸ್ತಾಗಿ ಷೆಡ್ಡು ಸೇರಿತ್ತು. ಅದರ ಎಂಜಿನ್ ಇಳಿಸಿದ್ದು, ಬಿಚ್ಚಿದ್ದು, ಸಿಲಿಂಡರ್ ಬೋರ್ ಮಾಡಿಸಿ ತಂದು ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ ಮತ್ತೆ ಕೂರಿಸಿದ್ದು — ನಾನು. ನಾನೇ! ಗ್ಯಾರೇಜಿನಲ್ಲಿ ಎರಡು ವರ್ಷದಿಂದ ಬರೀ ಸಾಮಾನು ತೊಳೆಯುವವಳು.

ನಮ್ಮ ಗ್ಯಾರೇಜಿನ ಯಜಮಾನ್ತಿಯದು ಒಂದೇ ನಿಯಮ. ನೀನು ಕಟ್ಟಿದ ಒಂದು ಎಂಜಿನ್ ಹೊಗೆ ಇಲ್ಲದೆ ಓಡಿಸಿ ತೋರಿಸು. ಅಲ್ಲಿಯವರೆಗೆ ಗಿರಾಕಿಯ ಎಂಜಿನ್‌ಗೆ ಸ್ಪಾನರ್ ತಾಗಿಸುವ ಹಾಗಿಲ್ಲ. ತಿಂಗಳ ಕೊನೆಗೆ ನನ್ನದು ನೋಡುತ್ತಾರಂತೆ. ಕೆಟ್ಟರೆ ಎಂಜಿನ್ ಕೆಲಸಕ್ಕೆ ಹೊರಗಿನವರು ಬರುತ್ತಾರೆ, ನಾನು ಮತ್ತೆ ಸೀಮೆಎಣ್ಣೆ ಬೋಗುಣಿಯ ಮುಂದೆ. ಯೋಚಿಸಿದರೇ ಕೈ ವಾಸನೆ ಬರುತ್ತದೆ.

ಸಂಜೆ

ಆಯಿಲ್ ಅಂಗಡಿ. ಮಾವನೂ ಬಂದರು, ಬೇಡವೆಂದರೂ. ಅಂಗಡಿಯವನು ಬಂಗಾರದ ಬಣ್ಣದ ಡಬ್ಬ ಇಳಿಸಿದ — ಫುಲ್ ಸಿಂಥೆಟಿಕ್. ನಾನು ಕೇಳಿದ್ದು ಕೆಳಗಿನ ಸಾಲಿನಲ್ಲಿ ಧೂಳು ತಿನ್ನುತ್ತಿದ್ದ ಸಾದಾ ಮಿನರಲ್ ಆಯಿಲ್, 20W-50. ಹೊಸ ಎಂಜಿನ್‌ಗೆ ಇದಾ ಎಂದು ಅವನು ಮುಖ ಹುಳ್ಳಗೆ ಮಾಡಿದ.

ಹೌದು ಸ್ವಾಮಿ, ಇದೇ. ಹೊಸ ರಿಂಗು ಸಿಲಿಂಡರಿನ ಗೋಡೆಗೆ ಉಜ್ಜಿಕೊಂಡು ಉಜ್ಜಿಕೊಂಡು ತನ್ನ ಜಾಗ ತಾನೇ ಮಾಡಿಕೊಳ್ಳಬೇಕು. ಅದೂ ಮೊದಲ ಕೆಲವು ನೂರು ಕಿಲೋಮೀಟರಿನಲ್ಲೇ. ತೀರಾ ಜಾರುವ ಆಯಿಲ್ ಇದ್ದರೆ ಉಜ್ಜುವುದೇ ಇಲ್ಲ, ಗೋಡೆ ಕನ್ನಡಿಯ ಹಾಗೆ ನುಣುಪಾಗುತ್ತದೆ. ಆಮೇಲೆ ಎಂಜಿನ್ ಬದುಕಿರುವವರೆಗೂ ಆಯಿಲ್ ಕುಡಿಯುತ್ತದೆ, ಹೊಗೆ ಬಿಡುತ್ತದೆ. ಯಜಮಾನ್ತಿ ಇದನ್ನು ನನ್ನ ತಲೆಗೆ ಮೊಳೆ ಹೊಡೆದ ಹಾಗೆ ಕೂರಿಸಿದ್ದಾರೆ.

ಮಾವನಿಗೆ ಸಮಾಧಾನವಿಲ್ಲ. ದಾರಿಯುದ್ದಕ್ಕೂ ಅದೇ ರಾಗ. ಮನೆಗೆ ಬಂದ ಹೊಸ ಸೊಸೆಗೆ ತಂಗಳು ಬಡಿಸುತ್ತಾರಾ ಎಂದರು. ನನಗೆ ಬಡಿಸಿದ್ದು ಇಷ್ಟು ಬೇಗ ಮರೆತುಹೋಯಿತಾ ಎಂದೆ. ಆಮೇಲೆ ಮನೆ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತರು — ನಗು ತಡೆದುಕೊಳ್ಳುತ್ತಿದ್ದರು, ಹೆಗಲು ಕುಣಿಯುತ್ತಿತ್ತು.

ಮಾರ್ಚ್ 5

ಸ್ಟಾರ್ಟ್ ಆಯಿತು!!! ಸೆಲ್ಫ್ ಎರಡನೇ ಸಲ ತಿರುಗಿಸಿದ್ದಕ್ಕೇ!

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಮಾವ ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡು ನಿಂತರು, ಜ್ವರ ನೋಡುವವರ ಹಾಗೆ. ನಾನು ಅತ್ತೆ, ಅತ್ತೆ ಎಂದು ಬಡಬಡಿಸುತ್ತ ಅತ್ತುಬಿಟ್ಟೆ. ರಾತ್ರಿ ಊಟ ಸೇರಲಿಲ್ಲ. ಖುಷಿಗೂ ಹೊಟ್ಟೆ ತುಂಬುತ್ತದೆ ಎಂದು ಇವತ್ತು ಗೊತ್ತಾಯಿತು.

ಮಾರ್ಚ್ 6

ಮೊದಲ ಆಯಿಲ್ ಇಳಿಸಿದೆ. ಸಣ್ಣಗೆ ಮಿನುಗು — ಹೊಸ ಲೋಹದ ಪುಡಿ. ಮೊದಲ ಸಲ ಅದು ಇರಬೇಕಾದ್ದೇ. ಫಿಲ್ಟರ್ ಬದಲು. ಅದೇ ಸಾದಾ ಆಯಿಲ್ ಮತ್ತೆ, ಮೇಲಿನ ಗೆರೆಗೆ ಸರಿಯಾಗಿ. ಹೊಸದರಲ್ಲಿ ಸ್ವಲ್ಪ ಕುಡಿಯುತ್ತದೆ, ದಿನಾ ಕಡ್ಡಿ ನೋಡು, ಕುಡಿಯುವುದು ನಿಂತರೆ ರಿಂಗು ಕೂತಿದೆ ಅಂತ ಲೆಕ್ಕ — ಯಜಮಾನ್ತಿಯ ಮಾತು.

ಮಾರ್ಚ್ 8

ಕೆಳಗಿಳಿದಿದೆ. ಒಂದು ನೂಲಿನಷ್ಟು. ಮತ್ತೆ ಗೆರೆಗೆ ತುಂಬಿಸಿದೆ. ಸಹಜ, ಸಹಜ, ಸಹಜ. ಆದರೂ ಊಟದ ಹೊತ್ತಿಗೂ ಮುಖ ಸಪ್ಪಗೇ ಇತ್ತಂತೆ. ಯಾರು ಸತ್ತಿದ್ದು ಎಂದು ಇವರು ಕೇಳಿದರು.

ಮಾರ್ಚ್ 12

ನಿಂತಿದೆ! ಮೂರು ದಿನದಿಂದ ಗೆರೆ ಬಿಟ್ಟು ಕದಲಿಲ್ಲ! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇದು ಕೈಗುಣ ಅಲ್ಲದೆ ಇನ್ನೇನು... ಗ್ಯಾರೇಜಿನಲ್ಲಿ ಎದೆ ಉಬ್ಬಿಸಿ ಹೇಳಿದೆ. ಯಜಮಾನ್ತಿ ಹೂಂ ಎಂದರು ಅಷ್ಟೇ. ಬೆಳಗಿನ ಹೊಗೆ ಬಿಳಿಯೋ ನೀಲಿಯೋ ಎಂದು ಕೇಳಿದರು. ನೀಲಿಯಾದರೆ ಆಯಿಲ್ ಉರಿಯುತ್ತಿದೆ ಅಂತ ಲೆಕ್ಕ. ಬಿಳಿ ಎಂದೆ. ಒಂಚೂರು ನೀಲಿ ಇತ್ತು. ಬೆಳಕು ಹಾಗಿತ್ತು, ಅದಕ್ಕೇ.

ಮಾರ್ಚ್ 15

ಒತ್ತಿ ಬರೆದು ಪೆನ್ನಿನ ಮೊನೆ ಹಾಳೆಗೆ ತೂತು ಮಾಡಿತು.

ಎಂದಿಗಿಂತ ಬೇಗ ಎದ್ದು ಷೆಡ್ಡಿಗೆ ಹೋದರೆ ಬಾನೆಟ್ ಆಗಲೇ ತೆರೆದಿದೆ. ಮಾವ. ಕೈಯಲ್ಲಿ ಅಂಗಡಿಯ ಆ ಬಂಗಾರದ ಬಣ್ಣದ ಡಬ್ಬ, ಗುಟ್ಟಾಗಿ ಕೊಂಡು ತಂದದ್ದು. ಅತ್ತೆಯ ಅಡುಗೆಯ ಆಲಿಕೆ ಇಟ್ಟು, ಹಸುಗೂಸಿಗೆ ಔಷಧಿ ಕುಡಿಸುವಷ್ಟು ನಿಧಾನವಾಗಿ ಹುಯ್ಯುತ್ತಿದ್ದಾರೆ. ಒಂಬತ್ತನೇ ತಾರೀಖಿನಿಂದ ದಿನಾ ಬೆಳಿಗ್ಗೆ ಇದೇ ಅಂತೆ! ಎಂಜಿನ್ ಕುಡಿಯುತ್ತಲೇ ಇತ್ತು, ಮಾವ ತುಂಬಿಸುತ್ತಲೇ ಇದ್ದರು, ನಾನು ಕಡ್ಡಿ ಹಿಡಿದು ಕುಣಿಯುತ್ತಿದ್ದೆ.

ಸಿಕ್ಕಿಬಿದ್ದವರ ಮುಖವೇ ಅಲ್ಲ ಅದು. ಖುಷಿಯಲ್ಲಿದ್ದರು.

"ನೀನು ಆ ಕಡ್ಡಿ ನೋಡ್ಕೊಂಡು ಮುಖ ಸಣ್ಣ ಮಾಡ್ಕೋತಿದ್ದೆ ಕಣಮ್ಮ. ನನಗೆ ನೋಡೋಕಾಗ್ಲಿಲ್ಲ."

ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಮುಳುಗಿಸಿದಿರಿ ಎಂದೆ. ನಿಮ್ಮ ಪ್ರೀತಿ ಯಾರಿಗೆ ಬೇಕಿತ್ತು ಎಂದೂ ಅಂದೆ. ಅವರು ಡಬ್ಬದ ಮುಚ್ಚಳ ಹಾಕಿದರು. ಅದು ಕೂರಲಿಲ್ಲ, ಮತ್ತೆ ಹಾಕಿದರು. ಒಳಗೆ ಹೋದರು.

ಮಾವ ತಿಂಡಿಗೆ ಬರಲಿಲ್ಲ. ಇವರು ನನ್ನನ್ನೂ ನೋಡಲಿಲ್ಲ, ಅಪ್ಪನ ಖಾಲಿ ಜಾಗವನ್ನೂ ನೋಡಲಿಲ್ಲ, ತಟ್ಟೆ ನೋಡಿಕೊಂಡು ತಿಂದು ಎದ್ದರು. ನನಗೆ ನಾಚಿಕೆ. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ಮಾರ್ಚ್ 16

ಯಜಮಾನ್ತಿಗೆ ಫೋನ್ ಮಾಡಿ ಎಲ್ಲ ಒದರಿದೆ, ನೀಲಿ ಹೊಗೆಯನ್ನೂ ಸೇರಿಸಿ. ಬೈಗುಳಕ್ಕೆ ಕಿವಿ ಕೊಟ್ಟು ಕಾದೆ. ನಗುತ್ತಿದ್ದರು! ಗೋಡೆ ಇನ್ನೂ ಪೂರ್ತಿ ನುಣುಪಾಗಿರಲಿಕ್ಕಿಲ್ಲ, ಬಿಸಿಯಿದ್ದಾಗಲೇ ಪೂರಾ ಇಳಿಸು, ಸಾದಾ ಆಯಿಲ್ ಹಾಕು, ಕಾರಿನ ತುಂಬ ಭಾರ ಹೇರಿ ಏರಿಗೆ ಬಿಡು ಎಂದರು. ಏರುವಾಗ ಆಕ್ಸಿಲರೇಟರ್ ಒತ್ತಿಹಿಡಿ, ಇಳಿಯುವಾಗ ಗೇರಿನಲ್ಲೇ ಇಟ್ಟು ಕಾಲು ತೆಗೆ. ಒತ್ತಡ ಬಿದ್ದರೇ ರಿಂಗು ಗೋಡೆಗೆ ಅಂಟುವುದು.

"ಕನಿಕರ ತೋರಿಸ್ಬೇಡ. ನಿಮ್ಮನೇಲಿ ಅದಕ್ಕೆ ಮುದ್ದು ಜಾಸ್ತಿಯಾಗಿದೆ."

ಆಸೆ ಇದೆ! ಇನ್ನೂ ಇದೆ!

ಮಾರ್ಚ್ 17

ಸಾದಾ ಆಯಿಲ್ ಹಾಕಿ, ಭಾರಕ್ಕೆ ಮರಳಿನ ಚೀಲ ಹುಡುಕುತ್ತಿದ್ದೆ. ಮಾವ ಬೂಟು ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಆಮೇಲೆ ಅತ್ತೆಯನ್ನು ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇವರು ಮುಂದೆ. ಡಿಕ್ಕಿಯಲ್ಲಿ ಚೀಲ. ಕಾರು ಬಸುರಿಯ ಹಾಗೆ ನೆಲಕ್ಕೆ ಬಗ್ಗಿತು.

ನೀರಿನ ಟ್ಯಾಂಕಿನ ಏರು. ಮೂರನೇ ಗೇರ್. ಒತ್ತಿದೆ. ಎಂಜಿನ್ ಗುಮ್ಮೆಂದಿತು, ಅತ್ತೆ ಕಣ್ಣು ಮುಚ್ಚಿದರು — ಏರಿತು! ತುದಿಯಲ್ಲಿ ತಿರುಗಿಸಿ, ಕಾಲು ತೆಗೆದು ಇಳಿದೆ. ಹಿಂದೆ ನೀಲಿ ಹೊಗೆಯ ಪರದೆ. ಮತ್ತೆ ಏರು. ಮತ್ತೆ ಇಳಿ. ಎಷ್ಟು ಸಲವೋ, ಅತ್ತೆ ಎಣಿಸುವುದು ಬಿಟ್ಟು ನಿದ್ದೆ ಹೋದರು.

ಮಾವ ಆಗ ಬಾಯಿ ಬಿಟ್ಟರು.

"ವಯಸ್ಸಾದ್ಮೇಲೆ ಮನೆಗೆ ಭಾರ ಆಗ್ತೀನಿ ಅಂತ ಹೆದರಿದ್ದೆ. ನೋಡು, ಅದೇ ಕೆಲಸಕ್ಕೆ ಬಂತು."

ಗಾಡಿ ಬದಿಗೆ ನಿಲ್ಲಿಸಬೇಕಾಯಿತು. ತಿರುಗಿ ಅವರ ಕೈ ಹಿಡಿದುಕೊಂಡು, ತಪ್ಪಾಯಿತು ಮಾವ ಎಂದೆ. ಅವರು ತಲೆ ಸವರಿ, ಎಂಜಿನ್ ಆರಿಹೋಗುತ್ತೆ ನಡಿ ಎಂದರು.

ಮಾರ್ಚ್ 28

ಬರೆಯಲು ಪುರುಸೊತ್ತಿಲ್ಲ. ದಿನಾ ಏರು. ನಡುವೆ ಮತ್ತೊಮ್ಮೆ ಆಯಿಲ್ ಬದಲು. ಅರ್ಧ ಉಳಿದ ಬಂಗಾರದ ಡಬ್ಬ ಮಾವನೇ ಅಂಗಡಿಯವನಿಗೆ ವಾಪಸ್ಸು ಕೊಟ್ಟು, ಹೊಸ ಎಂಜಿನ್‌ಗೆ ಯಾವ ಆಯಿಲ್ ಅಂತ ಅವನಿಗೇ ಅರ್ಧ ಗಂಟೆ ಪಾಠ ಹೇಳಿ ಬಂದರಂತೆ.

ಕಡ್ಡಿ ನಾಲ್ಕು ದಿನದಿಂದ ಕದಲಿಲ್ಲ. ಈ ಸಲ ಯಾರೂ ಹುಯ್ದಿಲ್ಲ — ಷೆಡ್ಡಿನ ಬೀಗದ ಕೈ ನನ್ನ ದಿಂಬಿನ ಕೆಳಗಿತ್ತು. ನಂಬಿಕೆ ಬೇರೆ, ಬೀಗ ಬೇರೆ.

ಮಾರ್ಚ್ 31, ಗ್ಯಾರೇಜಿನಲ್ಲಿ

ಹೊರಗೆ ಟೈರಿನ ಮೇಲೆ ಕೂತಿದ್ದೇನೆ. ಯಜಮಾನ್ತಿ ಒಂದು ಸುತ್ತು ಓಡಿಸಿ ಬಂದರು. ಇಳಿದರು. ಸೈಲೆನ್ಸರ್ ಬಾಯೊಳಗೆ ಬೆರಳು ಸವರಿ ಆಯಿಲ್ ಜಿಡ್ಡು ಇದೆಯೇ ನೋಡಿ, ನನಗೆ ತೋರಿಸದೆ ಪ್ಯಾಂಟಿಗೆ ಒರೆಸಿಕೊಂಡರು. ಈಗ ಒಳಗೆ ಮೀಟರ್ ಹಾಕಿ ಒಂದೊಂದೇ ಸಿಲಿಂಡರಿನ ಒತ್ತಡ ನೋಡುತ್ತಿದ್ದಾರೆ. ನಾಲ್ಕೂ ಹತ್ತಿರ ಹತ್ತಿರ ಬರಬೇಕು. ಒಂದು ಬಿದ್ದರೂ ಮುಗಿಯಿತು. ನೀನು ಎದುರಿಗೆ ನಿಂತರೆ ಮೀಟರೂ ಹೆದರುತ್ತದೆ ಎಂದು ನನ್ನನ್ನು ಹೊರಗೆ ಹಾಕಿದ್ದಾರೆ.

ಸೆಲ್ಫ್ ತಿರುಗಿತು. ನೂರಾ ಐವತ್ತು ಅಂದರು.

ಎರಡನೆಯದು. ನೂರಾ ನಲವತ್ತೆಂಟು.

ಮೂರು. ನೂರಾ ಐವತ್ತು!

ನಾಲ್ಕು... ಏನೂ ಹೇಳುತ್ತಿಲ್ಲ. ಮತ್ತೆ ತಿರುಗಿಸುತ್ತಿದ್ದಾರೆ. ಯಾಕೆ? ಮತ್ತೆ. ದೇವರೇ, ಯಾಕೆ ಮತ್ತೆ...

ಬಂದರು.

"ನೂರಾ ಐವತ್ತೆರಡು. ನಂಬೋಕಾಗ್ಲಿಲ್ಲ, ಮೂರು ಸಲ ನೋಡ್ದೆ. ಆ ಪುಸ್ತಕ ಮುಚ್ಚು. ಒಳಗೆ ನಿಂತಿರೋ ವ್ಯಾನಿನ ಎಂಜಿನ್ ನೀನೇ ಬಿಚ್ಚು."

ವ್ಯಾನು! ಗಿರಾಕಿಯ ವ್ಯಾನು! ನಾನು! ಮಾವನಿಗೆ ಫೋನ್ — ಇಲ್ಲ, ಆಮೇಲೆ, ಕರೆಯುತ್ತಿದ್ದಾರೆ, ಮೊದಲು ಅದರ ಆಯಿಲ್ ಇಳಿ—