ಪೆನ್ಸಿಲಿನಲ್ಲಿ ಬರೆದ ಎಂಟು

ಕಪ್ಪತಗುಡ್ಡ, ಗಾಳಿತಿಂಗಳ ಮೂವತ್ತೆಂಟನೆಯ ದಿನ, ಇಸವಿ 2193

ಪ್ರೀತಿಯ ರೋಹಿಣಿ ಅಜ್ಜಿಗೆ,

ಅಜ್ಜಿ ಎಂದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ದಿನ ನಿನಗೆ ಹದಿನಾರು ವರ್ಷ, ಎಸ್ಸೆಸ್ಸೆಲ್ಸಿ, ಎರಡು ಜಡೆ. ನನಗೆ ಇಪ್ಪತ್ತಾರು. ಆದರೂ ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಬೇರೆ ಏನೆಂದು ಕರೆಯಲಿ? ಎರಡನೆಯ ಕ್ಷಮೆ ನನ್ನ ಮಾತುಗಳಿಗೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ನಿನ್ನ ಕಾಲದ ಕನ್ನಡವನ್ನು ನಿನ್ನದೇ ನೋಟ್‌ಬುಕ್ಕಿನಿಂದ ಅಕ್ಷರ ಕೂಡಿಸಿ ಕಲಿತಿದ್ದೇನೆ. ಮೂರನೆಯದು ಈ ತಾರೀಖಿಗೆ. ನಮ್ಮಲ್ಲಿ ಗಾಳಿ ನಿಲ್ಲುವವರೆಗೆ ತಿಂಗಳು ಮುಗಿಯುವುದಿಲ್ಲ. ಈ ಸಲ ಗಾಳಿ ನಿಲ್ಲುವ ಹಾಗೆ ಕಾಣುತ್ತಿಲ್ಲ, ನನಗೂ ನಿಲ್ಲುವುದು ಬೇಡ. ಏಕೆಂದರೆ ಇದು ನನ್ನ ಮದುವೆಯ ತಿಂಗಳು!

ಹೌದು, ನನಗೆ ಮದುವೆಯಾಗಿ ಹನ್ನೊಂದು ದಿನ. ಅವನ ಹೆಸರು ಗುರುಶಾಂತ. ಹೆಸರು ಬರೆದ ಕೂಡಲೇ ನನಗೆ ನಗು ಬರುತ್ತದೆ, ತಪ್ಪು ತಿಳಿಯಬೇಡ. ನಾವು ಇರುವುದು ಗಾಳಿಮನೆಯಲ್ಲಿ. ಗಾಳಿಮನೆ ಎಂದರೆ ಗಾಳಿ ಬೀಸುವ ಕಡೆಗೆ ತಾನೇ ಬೆನ್ನು ತಿರುಗಿಸಿ ಕೂರುವ ಮನೆ. ರಾತ್ರಿ ಪೂರ್ವಕ್ಕಿದ್ದ ಬಾಗಿಲು ಬೆಳಿಗ್ಗೆ ಉತ್ತರಕ್ಕಿರುತ್ತದೆ. ನನ್ನ ತವರುಮನೆ ಅಲುಗಾಡದ ಹಳೆಯ ಮನೆಯಾದ್ದರಿಂದ ನನಗಿನ್ನೂ ರೂಢಿಯಾಗಿಲ್ಲ. ನಿನ್ನೆ ಚಹಾ ಹಿಡಿದು ಅಂಗಳಕ್ಕೆ ಹೊರಟವಳು ಹಿತ್ತಲಲ್ಲಿ ಕಟ್ಟಿದ್ದ ಆಡಿನ ಮುಂದೆ ಹೋಗಿ ನಿಂತಿದ್ದೆ. ಗುರುಶಾಂತ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಚಾ ಆಡಿಗೆ ಕೊಡ್ತೀಯೋ, ನನಗ ಕೊಡ್ತೀಯೋ?" ಎಂದು ಕೇಳಿದ. ಇಷ್ಟು ಸುಖ ಒಬ್ಬಳಿಗೇ ಸಿಗುವುದು ಸರಿಯೇ ಎಂದು ಆಗಾಗ ಭಯವಾಗುತ್ತದೆ.

ಹೊಸದಾಗಿ ಮದುವೆಯಾದವರಿಗೆ ಹನ್ನೆರಡು ದಿನದೊಳಗೆ ಹಿಂದಂಚೆಯಲ್ಲಿ ಒಂದೊಂದು ಹಾಳೆ ಕಳಿಸುವ ಹಕ್ಕಿದೆ. ಹಿಂದಂಚೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಕಾಗದ ತಲುಪಿತೋ ಇಲ್ಲವೋ ಎಂದು ಯಾರೂ ಬಂದು ಹೇಳುವುದಿಲ್ಲ. ಹೆಚ್ಚಿನವರು ಹಿರಿಯರಿಗೆ ನಮಸ್ಕಾರ ಬರೆದು, ಹೋಳಿಗೆಯ ಹದ ಕೇಳಿ ಮುಗಿಸುತ್ತಾರೆ. ನನಗೆ ಒಂದು ಹಾಳೆ ಸಾಲುವುದಿಲ್ಲವೆಂದು ಗುರುಶಾಂತ ತನ್ನ ಹಾಳೆಯನ್ನೂ ನನಗೇ ಕೊಟ್ಟಿದ್ದಾನೆ. ನೀನು ಈಗ ಓದುತ್ತಿರುವುದು ನಮ್ಮಿಬ್ಬರ ಪಾಲು.

ನಮ್ಮ ಮದುವೆಗಳಲ್ಲಿ ತಪ್ಪುಪುಟ ಎಂಬ ಶಾಸ್ತ್ರವಿದೆ. ವಧುವರರು ಶಾಲೆಯಲ್ಲಿ ತಾವು ತಪ್ಪು ಮಾಡಿದ ಒಂದು ಲೆಕ್ಕದ ಪುಟವನ್ನು ತಂದು ಒಬ್ಬರಿಗೊಬ್ಬರು ಕೊಡಬೇಕು. ಅಕ್ಷತೆಗೆ ಮೊದಲು ಇಬ್ಬರೂ ಕೂತು ಎಲ್ಲಿ ಎಡವಿದ್ದು ಎಂದು ಹುಡುಕಬೇಕು. ಗುರುಶಾಂತನ ತಪ್ಪನ್ನು ಅವನ ಚಿಕ್ಕಮ್ಮಂದಿರೇ ಕೂಗಿ ಹೇಳಿಬಿಟ್ಟರು. ಭಿನ್ನರಾಶಿಯಲ್ಲಿ ಛೇದಗಳನ್ನು ಕೂಡಿಸಿಟ್ಟಿದ್ದ. ನನ್ನ ಹತ್ತಿರ ಮಾತ್ರ ಪುಟವೇ ಇರಲಿಲ್ಲ. ಶಾಲೆಯಲ್ಲಿ ಲೆಕ್ಕ ಬಂದಾಗಲೆಲ್ಲ ನಾನು ಹಾಳೆ ಖಾಲಿ ಬಿಡುತ್ತಿದ್ದೆ. ಖಾಲಿ ಹಾಳೆಯಲ್ಲಿ ತಪ್ಪು ಎಲ್ಲಿಂದ ಬರಬೇಕು? ಕೊನೆಗೆ ಅವ್ವ ಟ್ರಂಕಿನ ತಳದಿಂದ ನಿನ್ನ ಗಣಿತದ ನೋಟ್‌ಬುಕ್ ತೆಗೆದುಕೊಟ್ಟಳು. ಅದನ್ನು ಕಂಡು ಅತ್ತೆಯವರು, "ಏನವಾ ಇಬ್ಬನಿ, ನೂರಾ ಅರವತ್ತೇಳು ವರ್ಷದ ಹಳೇ ತಪ್ಪು ತಂದೀಯಲ್ಲ! ನಿಂದು ಅಂತ ಒಂದೂ ಇರಲಿಲ್ಲೇನು?" ಎಂದರು. ಚಪ್ಪರವೆಲ್ಲ ನಕ್ಕಿತು. ಅವ್ವನೂ ನಗುತ್ತಲೇ, "ನಮ್ಮ ಮನಿತನದ ಹೆಣ್ಣಮಕ್ಕಳ ತಲಿಗೆ ಗಣಿತ ಹತ್ತೂದಿಲ್ಲರೀ ಬೀಗತಿ. ರೋಹಿಣಿ ಅಜ್ಜಿ ಕಾಲದಿಂದ ಹಂಗ ನಡಕೋತ ಬಂದೈತಿ," ಎಂದಳು. ಈ ಮಾತನ್ನು ನಾನು ತೊಟ್ಟಿಲಿನಿಂದ ಕೇಳಿದ್ದೇನೆ. ಕಣ್ಣಿನ ಬಣ್ಣ, ಮೂಗಿನ ಮಾಟದ ಹಾಗೆ ಅದೂ ನಮ್ಮ ರಕ್ತದಲ್ಲಿದೆ ಎಂದೇ ನಂಬಿದ್ದೆ.

ಗುರುಶಾಂತ ಪುಟ ತೆರೆದ. ಮೇಲೆ 2026ರ ನವೆಂಬರ್ 19 ಎಂದಿತ್ತು. ಆಯತಾಕಾರದ ಅಂಗಳ, ಉದ್ದ ಅಗಲಕ್ಕಿಂತ ಏಳು ಮೀಟರ್ ಹೆಚ್ಚು, ಕರ್ಣ ಹದಿನೇಳು ಮೀಟರ್, ಅಗಲವೆಷ್ಟು? ನೀನು ಪೆನ್ನಿನಲ್ಲಿ ಹದಿನೈದು ಎಂದು ಬರೆದಿದ್ದೆ, ಅದರ ಮೇಲೆ ನಿನ್ನ ಸರ್ ಎಳೆದ ಕೆಂಪು ಗೀಟು, ಸರಿ ಉತ್ತರ ಎಲ್ಲೂ ಇಲ್ಲ. ಯಾರೋ ಕೂಗಿದರು, "ಅಗಲ ಹದಿನೈದಾದ್ರ ಉದ್ದ ಇಪ್ಪತ್ತೆರಡು! ಮೂಲಿಯಿಂದ ಮೂಲಿಗೆ ಹದಿನೇಳ ಮೀಟರ್ ಇರೂ ಅಂಗಳದಾಗ ಇಪ್ಪತ್ತೆರಡ ಮೀಟರ್ ಗ್ವಾಡಿ ಹೆಂಗ ಹಿಡಸ್ತೀರಿ?" ಮತ್ತೆ ನಗು. ಗುರುಶಾಂತ ನಗಲಿಲ್ಲ. ಪುಟವನ್ನು ಬಿಸಿಲಿಗೆ ಓರೆಯಾಗಿ ಹಿಡಿದು, "ಇಲ್ಲಿ ಏನೋ ಅಳಿಸ್ಯಾರ," ಎಂದ. ಪೆನ್ಸಿಲಿನ ಬಣ್ಣ ಹೋಗಿತ್ತು, ಆದರೆ ನೀನು ಒತ್ತಿ ಬರೆದ ಗೆರೆಗಳು ಕಾಗದದಲ್ಲಿ ಕಾಲುವೆಗಳಂತೆ ಉಳಿದಿದ್ದವು. ನಾನು ಬೆರಳಾಡಿಸಿ ಓದಿದೆ, ಗುರುಶಾಂತ ತಾಳೆ ನೋಡಿದ. ಸಮೀಕರಣ ಸರಿ, ಅಪವರ್ತನ ಸರಿ. ಎರಡು ಉತ್ತರಗಳು, ಮೈನಸ್ ಹದಿನೈದು ಮತ್ತು ಎಂಟು. ಅಗಲ ಮೈನಸ್ ಇರಲಾರದು ಎಂದು ಪಕ್ಕದಲ್ಲಿ ಬರೆದು, ಎಂಟಕ್ಕೆ ಒಂದು ಪುಟ್ಟ ಚೌಕ ಕಟ್ಟಿದ್ದೆ. ಎಂಟು ಅಗಲ, ಹದಿನೈದು ಉದ್ದ, ಹದಿನೇಳು ಕರ್ಣ. ಕೂದಲೆಳೆಯಷ್ಟೂ ತಪ್ಪಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಅಜ್ಜಿ, ನೀನು ಇನ್ನೂ ಬರೆಯದ ಪುಟವನ್ನು ನಾನು ಓದಿದ್ದೇನೆ. ಈ ಕಾಗದ ಹದಿನೆಂಟಕ್ಕೆ ನಿನ್ನ ಬ್ಯಾಗಿನಲ್ಲಿರಬೇಕೆಂದು ವಿಳಾಸದ ಜೊತೆ ತಾರೀಖನ್ನೂ ಬರೆಯುತ್ತಿದ್ದೇನೆ. ನಾಳೆ ನೀನು ಎಂದಿನಂತೆ ಮೊದಲು ಪೆನ್ಸಿಲಿನಲ್ಲಿ ಲೆಕ್ಕ ಮಾಡುತ್ತೀಯ, ಪಕ್ಕದವರದನ್ನು ನೋಡಿದ ಮೇಲೆ ಪೆನ್ನು ತೆಗೆಯುತ್ತೀಯ. ಸರ್‌ಗೆ ಕೇಳಿಸಬಾರದೆಂದು ನೀನೂ ನಿನ್ನ ಪಕ್ಕದಲ್ಲಿ ಕೂರುವ ವೈಷ್ಣವಿಯೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದೇ ಮಾತಾಡುತ್ತೀರಿ.

"ನಿಂದು ಎಷ್ಟು ಬಂತಲೇ?"

"ಎಂಟು. ನಿಂದು?"

"ಹದಿನೈದು."

"ಅಯ್ಯೋ. ಹಂಗಾರ ನಂದ ತಪ್ಪಿರಬೇಕು. ನೀ ಫಸ್ಟ್ ಬರಾಕಿ."

"ಲಗೂ ಅಳಸು, ಸರ್ ಬರಾಕತ್ತಾರ."

ವೈಷ್ಣವಿಯ ಮೇಲೆ ಸಿಟ್ಟಾಗಬೇಡ. ಅವಳು ಒಂದು ಮೈನಸ್ ಚಿಹ್ನೆಯನ್ನು ಕೈಬಿಟ್ಟಳು, ಅಷ್ಟೇ, ಜಾಣರೂ ಕೈಬಿಡುತ್ತಾರೆ. ನನ್ನ ಎದೆ ಒಡೆಯುವುದು ಅದರ ಕೆಳಗೆ ನೀನು ಒಬ್ಬಳೇ ಬರೆಯುವ ಸಾಲಿಗೆ: "ಇವತ್ತಿನಿಂದ ಗಣಿತದ ಆಸೆ ಬಿಟ್ಟೆ. ಪಾಸಾದರ ಸಾಕು." ಆ ಲೆಕ್ಕದ ಪುಟದಿಂದಾಚೆಗೆ ಪುಸ್ತಕದಲ್ಲಿ ಐವತ್ತೊಂದು ಪುಟ ಖಾಲಿ. ಅದಕ್ಕೂ ಮುಂಚಿನ ಒಂದು ಪುಟದಲ್ಲಿ ನೀನು ಬಿಡಿಸಿದ ಸೇತುವೆ ಇದೆ. ಮೂರು ಕಮಾನು, ಕೆಳಗೆ ಎರಡು ಮೀನು, "ಇಂಜಿನಿಯರ್ ಆದ ಮ್ಯಾಲೆ ನಾ ಕಟ್ಟೂದು" ಎಂಬ ಅಡಿಬರಹ. ಆ ಸೇತುವೆ ಎಲ್ಲೂ ಇಲ್ಲ, ಅಜ್ಜಿ. ನಾನು ಹುಡುಕಿಸಿದೆ.

ನಮ್ಮ ಶಾಲೆಗಳಲ್ಲಿ ಈಗ ತಡಗಂಟೆ ಎಂಬ ಪಿರಿಯಡ್ ಇದೆ. ಆ ಹೊತ್ತಿನಲ್ಲಿ ಉತ್ತರ ಹೇಳುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಮೊದಲು ಮುಗಿಸಿದವರು ಕಿಟಕಿಯಾಚೆ ನೋಡುತ್ತ ಕೂರಬೇಕು. ಮಕ್ಕಳು ತಮ್ಮ ಉತ್ತರವನ್ನು ತಾವೇ ತಿರುಗಿಸಿ ನೋಡಿ, ಅಂಗಳಕ್ಕೆ ಗೋಡೆ ಹಿಡಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಾರೆ. ಮದುವೆಯಾದ ಮೇಲೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದೇನೆ. ನಾಲ್ಕನೆಯ ದಿನ ಒಂದು ಲೆಕ್ಕ ಸರಿಯಾಯಿತು. ಯಾರಿಗೂ ಹೇಳದೆ ಇಡೀ ಗಂಟೆ ಅದನ್ನು ಬಚ್ಚಿಟ್ಟುಕೊಂಡು ಕೂತಿದ್ದೆ, ಎಷ್ಟು ಚೆನ್ನಾಗಿತ್ತು ಗೊತ್ತೆ! ಪಕ್ಕದಲ್ಲಿ ನೀನಿರಬೇಕಿತ್ತು ಎನಿಸಿತು. ನಿನ್ನ ಜಡೆ ನನ್ನ ತೋಳಿಗೆ ತಗುಲುವಷ್ಟು ಹತ್ತಿರ. ನಾನು ಏನೂ ಹೇಳುತ್ತಿರಲಿಲ್ಲ, ನಿನ್ನ ರಬ್ಬರನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಿದ್ದೆ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನೀನು ಗಣಿತ ಬಿಟ್ಟೆ, ಊರಲ್ಲೇ ಉಳಿದೆ, ಬಟ್ಟೆ ಅಂಗಡಿಯ ಈರಣ್ಣಜ್ಜನನ್ನು ಮದುವೆಯಾದೆ. ಅದರಿಂದ ನಾವೆಲ್ಲ ಬಂದೆವು. ನಾಳೆ ನೀನು ಆ ಎಂಟನ್ನು ಅಳಿಸದಿದ್ದರೆ ಪಿಯುಸಿಗೆ ಹುಬ್ಬಳ್ಳಿಗೆ ಹೋಗಬಹುದು, ಮುಂದೆ ಯಾವುದೋ ಹೊಳೆಯ ದಡದಲ್ಲಿ ಬೇರೆ ಯಾರನ್ನೋ ಕಾಣಬಹುದು. ಆಗ ನಾನಿಲ್ಲ. ಹನ್ನೊಂದು ದಿನದ ಈ ಮನೆ, ತಪ್ಪು ಬಾಗಿಲಿನಲ್ಲಿ ತಣ್ಣಗಾದ ಆ ಚಹಾ, ಯಾವುದೂ ಇಲ್ಲ. ಎರಡು ದಿನ ಈ ಕಾಗದದ ಕರಡನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಇವತ್ತು ಗುರುಶಾಂತ ಅದನ್ನು ಹೊರಗೆಳೆದು, ಪೂರ್ತಿ ಓದಿ, ನನ್ನ ಕೈ ಹಿಡಿದುಕೊಂಡ. "ಆಕಿದು ಸರಿ ಇತ್ತಲ್ಲ, ಇಬ್ಬನಿ. ಸರಿ ಇದ್ದದ್ದಕ್ಕ ಸರಿ ಅನ್ನಬೇಕಲ್ಲ," ಎಂದ. ಇಂಥವನನ್ನು ಬಿಟ್ಟುಕೊಡುವ ಕಾಗದವನ್ನು ಇಂಥವನೇ ಅಂಚೆಗೆ ಹಾಕುತ್ತಾನೆ, ನೋಡು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಾಳೆ ವೈಷ್ಣವಿ ಹದಿನೈದು ಎಂದಾಗ ಒಂದು ನಿಮಿಷ ಅಂಗಳವನ್ನು ನೆನೆಸಿಕೋ. ಎಂಟು ಅಡ್ಡ, ಹದಿನೈದು ಉದ್ದ, ಮೂಲೆಯಿಂದ ಮೂಲೆಗೆ ನಡೆದು ನೋಡು. ಆಮೇಲೆ ಪೆನ್ನು ತೆಗೆದು, ಆ ಚೌಕದ ಮೇಲೆಯೇ ಒತ್ತಿ ಬರೆ.

ನೋಟ್‌ಬುಕ್ ಕಿಟಕಿಯ ಬಳಿ ಇಟ್ಟಿದ್ದೇನೆ. ಮನೆ ಯಾವ ದಿಕ್ಕಿಗೆ ತಿರುಗಿದ್ದರೂ ಬೆಳಗಿನ ಬಿಸಿಲು ಅಲ್ಲಿಗೆ ಒಮ್ಮೆ ಬರುತ್ತದೆ. ಪುಟ ತಿರುವಲು ನಾಳೆ ನಾವಿಬ್ಬರೂ ಇದ್ದರೆ ಮೊದಲು ಆ ಎಂಟನ್ನೇ ನೋಡುತ್ತೇವೆ. ಇಲ್ಲದಿದ್ದರೆ, ಅಜ್ಜಿ, ನಿನ್ನ ಸೇತುವೆಯ ಮೇಲೆ ಯಾರಾದರೂ ಇಬ್ಬರು ನಡೆದು ಹೋಗುತ್ತಿರಲಿ.

ನಿನ್ನ,
ಇಬ್ಬನಿ