ಎಂಟು ಹದಿನಾಲ್ಕರ ಪ್ರಭಕ್ಕನಿಗೆ

ಥಾಣೆ, ಮಂಗಳವಾರ

ಡೊಂಬಿವಲಿಯಿಂದ ಎಂಟು ಹದಿನಾಲ್ಕರ ಲೋಕಲ್ ರೈಲಿನಲ್ಲಿ ಬರುವ ಪ್ರಭಕ್ಕನಿಗೆ,

ನೀವು ಈ ಆಸ್ಪತ್ರೆಯಲ್ಲಿದ್ದೀರೆಂದು ನಮ್ಮ ಡಬ್ಬಿಯ ನಿಶಾ ಹೇಳಿದಳು. ಗೇಟಿನಲ್ಲಿ ವಾಚ್‌ಮನ್ "ಪೇಷಂಟ್ ಕಾ ಪೂರಾ ನಾಮ್?" ಎಂದು ಪೂರ್ತಿ ಹೆಸರು ಕೇಳಿದಾಗ ಪ್ರಭಕ್ಕ ಎಂದಷ್ಟೇ ಹೇಳಿದೆ. ಹನ್ನೊಂದು ವರ್ಷ ಒಂದೇ ಸೀಟಿನಲ್ಲಿ ಒತ್ತಿ ಕೂತರೂ ನಿಮ್ಮ ಅಡ್ಡಹೆಸರು ಕೇಳಿಯೇ ಇರಲಿಲ್ಲ. ಅವನು ಒಳಗೆ ಬಿಡಲಿಲ್ಲ. ಚೀಟಿ ಕೊಟ್ಟರೆ ವಾರ್ಡುಗಳಲ್ಲಿ ವಿಚಾರಿಸಿ ಮುಟ್ಟಿಸುತ್ತಾನಂತೆ.

ಮುಂಬ್ರಾದ ಖಾಡಿಯ ಹಿನ್ನೀರು ಬಂದಾಗ ಈಗಲೂ ನನಗೆ ತೂಕಡಿಕೆ. ನೀವು ದಿನಕ್ಕೊಂದರಂತೆ ಕಲಿಸಿದ ಇಂಗ್ಲಿಷ್ ಪದಜೋಡಿಗಳು ನೀರಿನ ಮಂಜಿನಲ್ಲಿ ಬೆಳ್ಳಕ್ಕಿಗಳಂತೆ ಎರಡೆರಡಾಗಿ ಕೂತಿರುತ್ತವೆ: ಲುಕ್, ಸೀ, ಹಿಯರ್, ಲಿಸನ್. ಯಾವುದು ಯಾವುದೆಂದು ಹೇಳುವವರಿಲ್ಲದೆ ಹಾರಿಹೋಗುತ್ತವೆ.

ಹೋದ ವಾರ ಕೊಟ್ಟ ಜೋಡಿ ನೆನಪಿದೆಯೇ? "ಕಂಪ್ಯಾನಿಯನ್ ಅಂದ್ರೆ ನಮ್ಮ ದಾರಿಯಲ್ಲೇ ಹೋಗುವವಳು ಮಾರಾಯ್ತಿ. ಫ್ರೆಂಡ್ ಅಂದ್ರೆ ನಮಗೋಸ್ಕರ ತನ್ನದಲ್ಲದ ಸ್ಟೇಷನ್ನಲ್ಲಿ ಇಳಿಯುವವಳು. ಈಗ ಹೇಳು, ನೀನು ಯಾವುದು?" ಎಂದಿರಿ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಥಾಣೆ ಬಂತು, ನೀವು ಇಳಿದಿರಿ.

ನಿಮ್ಮ ಪೂರ್ತಿ ಹೆಸರನ್ನು ಇದೇ ಚೀಟಿಯ ಹಿಂದೆ ಬರೆದು ಕಳಿಸಿ. ನಾಲ್ಕು ಗಂಟೆಯವರೆಗೆ ಗೇಟಿನ ಬೆಂಚಿನಲ್ಲಿರುತ್ತೇನೆ. ವಾಚ್‌ಮನ್ನನ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಜಾಗ ಖಾಲಿಯಿದೆ. ನಾನು ನಿಮಗೆ ಏನಾಗಬೇಕು ಎಂಬ ಖಾನೆಯನ್ನು ಮಾತ್ರ ತುಂಬಿದ್ದೇನೆ, ಇಂಗ್ಲಿಷಿನಲ್ಲೇ.

ಘಾಟ್ಕೋಪರಿನ ನನ್ನ ಆಫೀಸಿಗೆ ಹೋಗುವ ಲೋಕಲು ನನ್ನನ್ನು ಇಲ್ಲಿ ಇಳಿಸಿ ಮುಂದೆ ಹೋಯಿತು.

ನಿಮ್ಮ
ಜ್ಯೋತ್ಸ್ನಾ ಐತಾಳ
(ನನ್ನ ಅಡ್ಡಹೆಸರೂ ನಿಮಗೆ ಗೊತ್ತಿರಲಿಕ್ಕಿಲ್ಲ.)