ಮೂರನೇ ಪುಸ್ತಕದ ಬಾಗಿಲು

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 8
ಎರಡನೇ ಕಾಫಿ. ಗ್ರಂಥಾಲಯಕ್ಕೆ ಇನ್ನೂ ಯಾರೂ ಬಂದಿಲ್ಲ.

ದೊರ್ಸಾಫ್ ಎಂಬ ಮಹಿಳೆ ತಮ್ಮ ತಾಯಿಯ ಕವಿತೆಗಳ ಮೂರು ಕೈಬರಹದ ಪುಸ್ತಕ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಎರಡು ಎಲ್ಲರಿಗೂ. ಮೂರನೆಯದು ಅವರು ಹೇಳಿದವರಿಗೆ ಮಾತ್ರ. ಅದನ್ನು ತಾವೇ ಕೂತು ಸ್ಕ್ಯಾನ್ ಮಾಡಿದರು. "ಒಬ್ಬರು ಕದ್ದು ಓದಿದ್ರೂ ಮೂರನ್ನೂ ವಾಪಸ್ ತಗೊಂಡು ಹೋಗ್ತೀನಿ." ತಮಾಷೆಯಲ್ಲ.

ಅದನ್ನು ಕಾಯುವ ಪ್ರೋಗ್ರಾಂ ನನ್ನದು — ನಲವತ್ತೆಂಟನೇ ವಯಸ್ಸಿನಲ್ಲಿ ಎಂ.ಎಸ್ಸಿ. ಮಾಡುತ್ತಿರುವವಳ ಪ್ರಾಜೆಕ್ಟ್. ಅದು ಗ್ರಂಥಾಲಯದ ಅಧಿಕಾರದಲ್ಲಿ ಓಡುತ್ತದೆ, ಯಾವ ಫೈಲನ್ನೂ ತೆರೆಯಬಲ್ಲದು. ಆದ್ದರಿಂದ ತೆರೆಯುವ ಮೊದಲು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತದೆ: ನನ್ನ ಮಾತು ಬಿಡು, ಪರದೆಯೆದುರು ಕೂತವರಿಗೆ ಓದುವ ಹಕ್ಕಿದೆಯೇ? ಆ ಕರೆಯ ಹೆಸರು ಆಕ್ಸೆಸ್. ವಿನಯದ ಕರೆ. ನನಗಿಷ್ಟ.

ಮೂರನೆಯದರ ಕೀಲಿ ನನ್ನ ಕೈಯಲ್ಲೇ ಇದೆ. ಓದಿಲ್ಲ. ಆಸೆ ಬೇರೆ ಮಾತು...

17ಕ್ಕೆ ಎಲ್ಲರೆದುರು ಪ್ರೋಗ್ರಾಂನ ಪರೀಕ್ಷೆ.

ಅಕ್ಟೋಬರ್ 8
ಯುಸ್ರಾ, ಸಹಪಾಠಿ. ನನ್ನ ಪ್ರೋಗ್ರಾಂ ಮುರಿಯಲು ನೋಡುವ ಕೆಲಸ ಅವಳದು. ನನ್ನನ್ನು ಖಾಲ್ತಿ ಎನ್ನುತ್ತಾಳೆ; ಚಿಕ್ಕಮ್ಮನ ವಯಸ್ಸೇ, ಸರಿ. ಇವತ್ತು ಬಂದವಳೇ —

"ಖಾಲ್ತಿ, ಕುಸ್‌ಕುಸ್‌ಗೆ ಇಷ್ಟೊಂದು ಖಾರ ಹಾಕ್ತೀರಾ?"

ಪರೀಕ್ಷೆಗೆಂದು ಮೂರನೇ ಪುಸ್ತಕದ ಜಾಗದಲ್ಲಿ ನನ್ನ ಕುಸ್‌ಕುಸ್ ಅಡುಗೆಯ ವಿಧಾನ ಬರೆದಿಟ್ಟಿದ್ದೆ.

"ಹೇಗೆ ಓದಿದೆ?"

"ನಾನು ಓದಬಹುದಾದ ಫೈಲ್ ಬಗ್ಗೆ ನಿಮ್ಮ ಪ್ರೋಗ್ರಾಂ ಕೇಳುತ್ತೆ. 'ಓದಬಹುದು' ಅಂತ ಉತ್ತರ ಬರುತ್ತೆ. ಅದು ತೆರೆಯೋಕೆ ಹೋಗೋದ್ರೊಳಗೆ ಆ ಹೆಸರಿನ ಹಿಂದೆ ನಾನು ಮೂರನೇ ಪುಸ್ತಕದ ಫೈಲ್ ನಿಲ್ಲಿಸ್ತೀನಿ. ಕೇಳಿದ್ದು ಒಂದು, ತೆರೆದದ್ದು ಇನ್ನೊಂದು."

ಅಕ್ಟೋಬರ್ 9
ಪ್ರೋಗ್ರಾಂ ಎರಡು ಸಲ ಕೇಳುವಂತೆ ಮಾಡಿದೆ. ಯುಸ್ರಾ: "ಖಾರ ಇನ್ನೂ ಜಾಸ್ತೀನೇ, ಖಾಲ್ತಿ."

ಅಕ್ಟೋಬರ್ 10
ಮೂರು ಸಲ. ಯುಸ್ರಾ ಚಮಚ ಹಿಡಿದೇ ಬಂದಳು.

ಅಕ್ಟೋಬರ್ 12, ಭಾನುವಾರ
ನಕ್ಕು ನಕ್ಕು ಹೊಟ್ಟೆ ನೋವು. ಬರೆದಿಡಲೇಬೇಕು.

ನಮ್ಮ ಓಣಿಯ ಹಮ್ಮಾಮ್, ಊರವರ ಸ್ನಾನಗೃಹ, ಬೆಳಿಗ್ಗೆ ಗಂಡಸರಿಗೆ, ಮಧ್ಯಾಹ್ನದಿಂದ ನಮಗೆ. ಬಾಗಿಲಲ್ಲಿ ಕೆಂಪು ಬಟ್ಟೆ ಬಿತ್ತೆಂದರೆ ಹೆಂಗಸರ ಹೊತ್ತು. ತಲೆಗೆ ಮಣ್ಣು ಮೆತ್ತಿಕೊಂಡು ಕೂತಿದ್ದೆ. ಹೊರ ಕೋಣೆಯಲ್ಲಿ ಗಲಾಟೆ. ನನ್ನ ಗಂಡ ಹಾಶ್ಮಿಯ ಧ್ವನಿ!

"ಬಟ್ಟೆ ಇರ್ಲಿಲ್ಲ, ಲಲ್ಲಾ! ನಾನು ನೋಡಿದ್ದೆ!"

ಬಾಗಿಲು ಕಾಯುವಾಕೆ ಲಲ್ಲಾ ಮೆಹ್ರೆಜಿಯಾ ನೀರು ತರಲು ಒಳಗೆ ಹೋಗಿದ್ದರಂತೆ. ಈಗ ಬಕೆಟ್ ಎತ್ತಿ ನಿಂತಿದ್ದರು. "ಯಾವಾಗ ನೋಡಿದ್ರಿ, ಹಾಶ್ಮಿಯವರೇ? ಅಂಗಡೀಲಿ ಕರಿದ ಫ್ತೀರಾ ರೊಟ್ಟಿ ತಿನ್ನೋಕೆ ಮುಂಚೆನಾ? ಮೀಸೆ ಮೇಲೆ ಸಕ್ಕರೆ ಇನ್ನೂ ಇದೆ!"

"ಆಗ ಇರ್ಲಿಲ್ಲ ಅಂತ..."

"ಇನ್ಮೇಲೆ ಬಟ್ಟೆ ನೋಡ್ಕೊಂಡು ನುಗ್ಗಬೇಡಿ. ನನ್ನ ಹೊಸ್ತಿಲಿಗೆ ಬನ್ನಿ. ಬಿಡೋದು, ತಳ್ಳೋದು ಅಲ್ಲೇ ಆಗ್ಲಿ!"

ಹಾಶ್ಮಿ ಓಟ. ಹೆಂಗಸರ ಕೇಕೆ. ನಾನೂ ನಗುತ್ತಿದ್ದೆ — ಥಟ್ಟನೆ ಹೊಳೆಯಿತು. ನನ್ನ ಪ್ರೋಗ್ರಾಂ ಮಾಡುತ್ತಿರುವುದೂ ಇದನ್ನೇ. ಬಟ್ಟೆ ನೋಡುತ್ತದೆ, ಫ್ತೀರಾ ತಿನ್ನುತ್ತದೆ, ನುಗ್ಗುತ್ತದೆ.

ಅಕ್ಟೋಬರ್ 13
ಆಕ್ಸೆಸ್ ಕರೆ ತೆಗೆದೆ. ಮೂರು ಸಲದ್ದನ್ನೂ. ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು.

ಈಗ ಪ್ರೋಗ್ರಾಂ ಮೊದಲು ಗ್ರಂಥಾಲಯದಿಂದ ಪಡೆದ ಎರವಲು ಅಧಿಕಾರ ಕಳಚಿಡುತ್ತದೆ. ಎದುರು ಕೂತವರ ಹಕ್ಕಷ್ಟೇ ಅದಕ್ಕೆ ಉಳಿಯುತ್ತದೆ. ಕೇಳದೆ ನೇರ ತೆರೆಯಲು ಹೋಗುತ್ತದೆ. ಹಕ್ಕಿಲ್ಲದಿದ್ದರೆ ಸಿಸ್ಟಮ್ ಹೊಸ್ತಿಲಲ್ಲೇ ತಳ್ಳುತ್ತದೆ. ಮಧ್ಯೆ ಫ್ತೀರಾಕ್ಕೆ ಸಮಯವಿಲ್ಲ.

ನಲವತ್ತು ಸಾಲು ಹೋಗಿ ಆರು ಉಳಿದವು. ಯುಸ್ರಾ ಸಂಜೆಯವರೆಗೆ ಗುದ್ದಾಡಿದಳು. "ಹಸಿವಾಗ್ತಿದೆ, ಖಾಲ್ತಿ."

ಅಕ್ಟೋಬರ್ 17, ಶುಕ್ರವಾರ
ಎಲ್ಲರೆದುರು ಯುಸ್ರಾ ಸಾವಿರ ಸಲ ಪ್ರಯತ್ನಿಸಿದಳು. ಸಾವಿರ ಸಲವೂ 'ಅನುಮತಿ ಇಲ್ಲ'.

ಆಮೇಲೆ ದೊರ್ಸಾಫ್ ಕೂತರು. ಮೂರನೇ ಪುಸ್ತಕ ಒತ್ತಿದರು.

ಅನುಮತಿ ಇಲ್ಲ.

ಓದಬಹುದಾದವರ ಪಟ್ಟಿಗೆ ಅವರ ಹೆಸರು ಸೇರಿಸಲು ನಾನೇ ಮರೆತಿದ್ದೆ! ಅವರು ಪರದೆ ನೋಡಿದರು, ನನ್ನ ನೋಡಿದರು, ಜೋರಾಗಿ ನಕ್ಕರು. "ಮಗಳನ್ನೂ ಬಿಡ್ಲಿಲ್ವಲ್ಲಮ್ಮ! ಪುಸ್ತಕ ಇಲ್ಲೇ ಇರ್ಲಿ. ನೀವು ಓದಿದೀರಾ?"

"ಇಲ್ಲ."

"ಕೀಲಿ ನಿಮ್ಮ ಹತ್ರಾನೇ ಇತ್ತಲ್ಲ?"

"ಇತ್ತು."

ಅವರು ಪೆನ್ನು ನನ್ನತ್ತ ಸರಿಸಿದರು. "ಎರಡು ಹೆಸರು ಬರ್ಕೊಳ್ಳಿ. ನಂದು. ನಿಮ್ದು."

ಅಕ್ಟೋಬರ್ 18. ಮಧ್ಯಾಹ್ನ
ಮನೆಯಿಂದಲೇ, ನನ್ನದೇ ಹೆಸರಿನಲ್ಲಿ ಪ್ರೋಗ್ರಾಂ ಒಳಗೆ ಹೋದೆ. ತೆರೆಯಿತು. ನೀಲಿ ಶಾಯಿ, ಬಲಕ್ಕೆ ಸ್ವಲ್ಪ ಇಳಿಜಾರು. ಮೊದಲ ಸಾಲು ಓದಿ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಹಾಶ್ಮಿ ಊಟಕ್ಕೆ ಕೂಗುತ್ತಿದ್ದಾರೆ. ಕೂಗಲಿ. ಎರಡನೇ ಸಾಲು —